ಮೊದಲ ಪುಟಗಳ ಕೊಳೆ

ಹಳೆಯ ಪುಸ್ತಕವೊಂದನ್ನು ಮುಚ್ಚಿ, ಬೆನ್ನು ಅಂಗೈಯೊಳಗೆ ಕೂರುವಂತೆ ಹಿಡಿದು, ಹಾಳೆಗಳ ಅಂಚನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರೆ, ಓದಿದವರು ಅದನ್ನು ಎಲ್ಲಿಯವರೆಗೆ ಓದಿದರು ಎಂಬ ಸಂಗತಿ ಯಾರನ್ನೂ ಕೇಳದೆ ತಿಳಿದುಬಿಡುತ್ತದೆ. ಪತ್ತೇದಾರಿ ಕಾದಂಬರಿಯ ಅಂಚು ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾಗಿ ಮಾಸಿರುತ್ತದೆ. ಅಡುಗೆ ಪುಸ್ತಕದಲ್ಲಿ ಉಪ್ಪಿನಕಾಯಿಯ ಅಧ್ಯಾಯ ಬಂದಲ್ಲಿ ಎಣ್ಣೆಯ ಪಟ್ಟೆ ಇರುತ್ತದೆ, ಪಂಚಾಂಗದಲ್ಲಿ ವಿವಾಹ ಮುಹೂರ್ತಗಳ ಪುಟಕ್ಕೆ ಅರಿಸಿನದ ಬೆರಳು ತಗುಲಿರುತ್ತದೆ. ತತ್ತ್ವಶಾಸ್ತ್ರದ ಗ್ರಂಥಗಳದ್ದು ಮಾತ್ರ ಬೇರೆಯೇ ಜಾತಕ. ಮೊದಲ ಹತ್ತಿಪ್ಪತ್ತು ಹಾಳೆಗಳು ಹೆಬ್ಬೆರಳ ಬೆವರು ಕುಡಿದು ಕಪ್ಪಾಗಿರುತ್ತವೆ. ಅಲ್ಲಿಂದಾಚೆ ಅಂಚು ಒಗೆದು ಒಣಹಾಕಿದ ಪಂಚೆಯ ಹಾಗೆ ಶುಭ್ರ. ಪೆನ್ಸಿಲಿನ ಅಡಿಗೆರೆಗಳದ್ದೂ ಅದೇ ಕಥೆ. ಮುನ್ನುಡಿಯಲ್ಲಿ ಸಾಲು ಸಾಲಿಗೂ ಗೆರೆ, ಮೊದಲ ಅಧ್ಯಾಯದಲ್ಲಿ ಅಲ್ಲೊಂದು ಇಲ್ಲೊಂದು, ಎರಡನೆಯದರಲ್ಲಿ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ನಿರ್ವಾಣ. ನಿಮ್ಮ ಕಪಾಟಿನಲ್ಲೂ ಅಂಥದ್ದೊಂದು ಪುಸ್ತಕ ಇದ್ದೀತು, ಎದ್ದು ಹೋಗಿ ನೋಡುವುದು ಬೇಡ, ನಿಮ್ಮ ಮಾತನ್ನು ನಾನು ನಂಬುತ್ತೇನೆ.

ಆರಂಭಶೂರತ್ವ ಎಂಬ ಮಾತನ್ನು ನಮ್ಮ ಹಿರಿಯರು ಬೈಗುಳವಾಗಿ ಬಳಸುತ್ತಿದ್ದರು. ನಾನು ಅದರಿಂದಲೇ ಅನ್ನ ಸಂಪಾದಿಸಿದವನು. ಮಾಗಡಿ ರಸ್ತೆಯ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಪಾಶ್ಚಾತ್ಯ ತತ್ತ್ವಶಾಸ್ತ್ರದ ಪ್ರವೇಶಿಕೆಯನ್ನು ಕಲಿಸುವುದೇ ನನ್ನ ಉದ್ಯೋಗವಾಗಿತ್ತು. ಅರ್ಥಶಾಸ್ತ್ರದಲ್ಲಿ ಸೀಟು ಸಿಗದವರು, ಕಾಮರ್ಸಿನಲ್ಲಿ ತಿರಸ್ಕೃತರಾದವರು, ಮಧ್ಯಾಹ್ನದ ಹೊತ್ತು ಬಿಡುವು ಬೇಕಾದವರು ನನ್ನ ಬಳಿ ಬಂದು ಜಿಜ್ಞಾಸುಗಳಾಗುತ್ತಿದ್ದರು. ಪ್ರತಿ ವರ್ಷವೂ, ಪ್ರಶ್ನೆ ಕೇಳಿ ಕೇಳಿ ಮರಣದಂಡನೆಗೆ ಗುರಿಯಾದ ಆ ಗ್ರೀಕ್ ಮುದುಕನಿಗೆ ದಸರಾ ರಜೆಗೆ ಮುಂಚೆ ವಿಷ ಕುಡಿಸಿಬಿಡುತ್ತಿದ್ದೆ. ದೀಪಾವಳಿಯ ಸುಮಾರಿಗೆ ಒಬ್ಬ ಫ್ರೆಂಚರವನು ಒಲೆಯ ಪಕ್ಕ ಕೂತು ಸಮಸ್ತವನ್ನೂ ಸಂದೇಹಿಸಲು ತೊಡಗುತ್ತಿದ್ದ. ಜರ್ಮನಿಯ ಮಹಾನುಭಾವರು ಪರೀಕ್ಷೆಯ ಹೊತ್ತಿಗೆ ಬಾಗಿಲಲ್ಲಿ ನಿಂತು, ಒಳಗೆ ಯಾರೂ ಇಲ್ಲದ್ದನ್ನು ಕಂಡು, ಹಾಗೆಯೇ ಹಿಂದಿರುಗುತ್ತಿದ್ದರು. ಮುಂದಿನ ವರ್ಷ ಹೊಸ ಮುಖಗಳು, ಮತ್ತದೇ ಮೊದಲ ಪುಟ, ಮತ್ತೆ ಆ ಮುದುಕನಿಗೆ ವಿಷ. ಕುಡಿಸಿ ಕುಡಿಸಿ ನನ್ನ ಕೈ ಸೋತುಹೋಗಿತ್ತು ಎಂದರೆ ನೀವು ಅದನ್ನು ಅಲಂಕಾರವೆಂದು ತಿಳಿಯಬಾರದು.

ದಣಿವಿನಲ್ಲೂ ತರತಮಗಳಿವೆ. ಮೈ ದಣಿದರೆ ನಿದ್ದೆ ಅದನ್ನು ತೆಗೆದುಕೊಂಡು ಹೋಗುತ್ತದೆ. ಬೆಟ್ಟ ಹತ್ತಿದ ದಣಿವಿಗೆ ತುದಿಯಲ್ಲಿ ಗಾಳಿಯ ಪ್ರತಿಫಲವಾದರೂ ಉಂಟು. ಆದರೆ ಬೆಟ್ಟದ ಬುಡದಲ್ಲಿ ನಿಂತು, ಬಂದ ಬಂದವರಿಗೆಲ್ಲ ‘ಇದು ಮೊದಲ ಮೆಟ್ಟಿಲು’ ಎಂದು ತೋರಿಸುತ್ತ, ಅವರು ಅದರ ಮೇಲೆ ಕೂತು ಕಡಲೆಕಾಯಿ ತಿಂದು ಎದ್ದುಹೋಗುವುದನ್ನು ನೋಡುತ್ತ ಬಂದ ದಣಿವು ಇದೆಯಲ್ಲ, ಅದಕ್ಕೆ ಯಾವ ಕಷಾಯವೂ ನಾಟುವುದಿಲ್ಲ. ಒಬ್ಬರಾದರೂ, ಒಂದು ಪುಸ್ತಕವನ್ನಾದರೂ, ನನ್ನ ಕಣ್ಣೆದುರಿನಲ್ಲಿ ಕೊನೆಯ ಪುಟದವರೆಗೆ ಓದಿದ್ದನ್ನು ನೋಡಬೇಕೆಂಬ ಆಸೆ ನನಗಿತ್ತು. ನಿವೃತ್ತಿಯ ದಿನ ಹಾರ, ಶಾಲು, ಫಲತಾಂಬೂಲಗಳ ಜೊತೆ ಆ ಆಸೆಯನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಮನೆ ಇರುವುದು ಚಂದ್ರಾ ಲೇಔಟಿನಲ್ಲಿ. ನಿವೃತ್ತನಾದ ತತ್ತ್ವಶಾಸ್ತ್ರದ ಮೇಷ್ಟ್ರು ಮನೆಯಲ್ಲಿ ಮಾಡುವ ಉಪದ್ರವ ಎಷ್ಟೆಂಬುದನ್ನು ನನ್ನ ಹೆಂಡತಿ ವನಜಳನ್ನು ಕೇಳಿ ತಿಳಿಯಬೇಕು. ಸಾರಿಗೆ ಉಪ್ಪು ಸಾಲದೆಂದು ಹೇಳುವ ಬದಲು ಉಪ್ಪು ಸಾರಿನಲ್ಲಿದೆಯೋ ನಾಲಗೆಯಲ್ಲಿದೆಯೋ ಎಂದು ನಾನು ಕೇಳಿದ ದಿನ ಅವಳು ಸೌಟು ಕೆಳಗಿಟ್ಟು, “ರೀ, ಇದನ್ನ ಕೇಳೋಕೆ ಬೇರೆ ಯಾರಾದ್ರೂ ಇದಾರಾ ನೋಡಿ. ನನಗೆ ಕುಕ್ಕರ್ ಕೂಗೋದು ಸಾಕು” ಎಂದಳು. ಅಂಥವರನ್ನು ಹುಡುಕಿಕೊಟ್ಟವರು ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರಾದ ಗಂಗಣ್ಣನವರು. ಹೇರೋಹಳ್ಳಿಯ ಹಳೆಯ ಒಕ್ಕಲು ಮನೆತನ, ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಸೈಟುಗಳಾದ ಮೇಲೆ ಇಲ್ಲಿಗೆ ಬಂದು ಮನೆ ಕಟ್ಟಿದವರು. ಪಾರ್ಕಿನ ಪಂಪ್‌ಹೌಸಿನ ಮೇಲೆ ಸಂಘದ ಒಂದು ಹಾಲ್ ಇದೆ. ವಾರವೆಲ್ಲ ಅಲ್ಲಿ ಯೋಗಾಸನ, ಶನಿವಾರ ಹೆಂಗಸರ ಪಾರಾಯಣ, ಭಾನುವಾರ ಬೆಳಿಗ್ಗೆ ಖಾಲಿ. ಆ ಭಾನುವಾರವನ್ನೂ ಅದರ ಬೀಗದ ಕೈಯನ್ನೂ ಅವರು ನನಗೆ ಒಪ್ಪಿಸಿದರು.

‘ಪಾಶ್ಚಾತ್ಯ ತತ್ತ್ವಶಾಸ್ತ್ರದ ಮೇರುಕೃತಿಗಳು, ಆರಂಭಿಕರಿಗಾಗಿ’ ಎಂದು ಬೋರ್ಡು ಬರೆಸಿದೆವು. ಮೊದಲ ಭಾನುವಾರ ಹಾಲ್ ತುಂಬಿತು. ತತ್ತ್ವ ಎಂಬ ಪದವೊಂದೇ ಅಷ್ಟು ಜನರನ್ನು ಕರೆತಂದಿತ್ತೆಂಬುದು, ಅವರ ಕೈಯಲ್ಲಿದ್ದ ಬಾಳೆಹಣ್ಣು ತೆಂಗಿನಕಾಯಿಗಳನ್ನು ಕಂಡ ಮೇಲೆ ನನಗೆ ಹೊಳೆಯಿತು. ಒಬ್ಬ ಹಿರಿಯರಂತೂ ನಾನು ಬೇಡ ಬೇಡವೆನ್ನುವಷ್ಟರಲ್ಲಿ ಕಾಲಿಗೆ ಎರಗಿಬಿಟ್ಟರು. ಎರಡನೆಯ ಭಾನುವಾರ ತೆಂಗಿನಕಾಯಿಗಳು ಬರಲಿಲ್ಲ, ಮೂರನೆಯ ಭಾನುವಾರ ಅವುಗಳನ್ನು ತಂದಿದ್ದವರೂ ಬರಲಿಲ್ಲ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಇದನ್ನೆಲ್ಲ ಪಾಯಿಂಟುಗಳಾಗಿ ಮಾಡಿ ವಾಟ್ಸಾಪಿನಲ್ಲಿ ಕಳಿಸಬಹುದೇ ಎಂದು ಕೇಳಿದರು. ಕಳಿಸಿದೆ, ಅವರೂ ಬರುವುದನ್ನು ನಿಲ್ಲಿಸಿದರು. ಇದರಿಂದ ಬಿ.ಪಿ. ಕಡಿಮೆಯಾಗುತ್ತದೆಯೇ ಎಂದೊಬ್ಬರು ವಿಚಾರಿಸಿದರು. ನನ್ನದು ಏರುತ್ತಿದೆ ಎಂದು ಹೇಳಲಿಲ್ಲ.

ಫ್ರೆಂಚರವನ ಸಂದೇಹವನ್ನು ವಿವರಿಸಿದ ದಿನ ನಾನು ಒಳ್ಳೆಯ ಲಹರಿಯಲ್ಲಿದ್ದೆ. ಕಣ್ಣೆದುರಿನ ಮೇಜು, ಕೂತ ಕುರ್ಚಿ, ಸ್ವಂತ ಕೈಕಾಲು, ಎಲ್ಲವೂ ಕನಸಾಗಿರಬಹುದೆಂದು ಅವನು ಹೇಗೆ ಒಂದೊಂದನ್ನೇ ಕಳಚುತ್ತ ಹೋದನೆಂದು ಹೇಳಿ ಮುಗಿಸಿದಾಗ, ಗಂಗಣ್ಣನವರು ನಿಧಾನವಾಗಿ ಹೇಳಿದರು: “ಮೇಷ್ಟ್ರೇ, ನಮ್ಮಪ್ಪ ಹೊಲ ಇದೆಯೋ ಇಲ್ವೋ ಅಂತ ಒಲೆ ಮುಂದೆ ಅನುಮಾನ ಪಡ್ತಾ ಕೂತಿದ್ರೆ, ಬೆಳಗಾಗೋದ್ರಲ್ಲಿ ಪಕ್ಕದವನು ಬೇಲಿ ಹಾಕಿರೋನು.” ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಿದ್ದಾಗಲೇ ಒಂದು ಗಾದೆ ನೆನಪಾಯಿತು. ಕೋಣನ ಮುಂದೆ ಕಿನ್ನರಿ ಬಾರಿಸುವ ಗಾದೆಯಲ್ಲಿ ಕೋಣ ಯಾರೆಂಬುದು ನಿರ್ವಿವಾದವಾಗಿ ತಿಳಿದಿದೆಯೆಂದು ನಾವು ಭಾವಿಸುತ್ತೇವೆ. ಕೇಳುವವರಿಗೆ ಬೇಡದ ಕಿನ್ನರಿಯನ್ನು ವರ್ಷಾನುಗಟ್ಟಲೆ ಬಾರಿಸುತ್ತಲೇ ಇರುವವನ ತಲೆಯ ಮೇಲೆ ಕೊಂಬುಗಳಿವೆಯೇ ಎಂದು ಯಾರಾದರೂ ಮುಟ್ಟಿ ನೋಡಬೇಕು. ಆ ದಿನ ಮನೆಗೆ ಬಂದು ವನಜಳಿಗೆ, ಸಾಕು ನಿಲ್ಲಿಸುತ್ತೇನೆ ಎಂದೆ. ಅವಳು ಬೇಡವೆನ್ನುತ್ತಾಳೆಂದು ಕಾದೆ, ಅನ್ನಲಿಲ್ಲ.

ಮುಂದಿನ ಭಾನುವಾರ ಉಳಿದಿದ್ದ ಕೆಲವೇ ಜನರ ಮುಂದೆ ವಿಷಯವನ್ನು ಮಂಡಿಸಿದೆ. ಮೈಗೆ ಸ್ವಸ್ಥವಿಲ್ಲ ಎಂಬ ಸಭ್ಯವಾದ ಸುಳ್ಳನ್ನು ಹೇಳಲು ಹೊರಟವನು, ಅದೇಕೋ, ನನಗೆ ಸಾಕಾಗಿದೆ ಎಂಬ ನಿಜವನ್ನೇ ಹೇಳಿಬಿಟ್ಟೆ. ಆಗ ಮಾತನಾಡಿದವರು ಇಂದಿರಮ್ಮ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಶನಿವಾರದ ಪಾರಾಯಣದ ಗುಂಪನ್ನು ನಡೆಸುವವರು. ಹಿಂದಿನ ವರ್ಷ ಯಜಮಾನರನ್ನು ಕಳೆದುಕೊಂಡಿದ್ದರು. ಅಷ್ಟು ವಾರಗಳಲ್ಲಿ ಒಂದೂ ಪ್ರಶ್ನೆ ಕೇಳದೆ ಹಿಂದಿನ ಕುರ್ಚಿಯಲ್ಲಿ ಕೂತು ಹೋಗುತ್ತಿದ್ದವರು ಅಂದು ಎದ್ದು ನಿಂತು, “ಹಿಡಿದಿದ್ದನ್ನ ಅರ್ಧಕ್ಕೆ ಬಿಡಬಾರ್ದು ಸಾರ್, ದೋಷ. ಒಂದು ಪುಸ್ತಕನಾದ್ರೂ ಮುಗಿಸ್ಕೊಡಿ. ನೀವೇನೂ ವಿವರಿಸೋದು ಬೇಡ, ನಿಮಗೂ ಆಯಾಸ. ಸುಮ್ನೆ ಓದೋಣ” ಎಂದರು. ಮೂವತ್ತು ವರ್ಷಗಳ ಬೋಧನಾನುಭವದಲ್ಲಿ ವಿವರಿಸಬೇಡಿ ಎಂದು ನನ್ನನ್ನು ಅಷ್ಟು ಮರ್ಯಾದೆಯಿಂದ ಬೇಡಿಕೊಂಡವರು ಇನ್ನೊಬ್ಬರಿಲ್ಲ.

ಓದಲು ಒಂದು ಪುಸ್ತಕ ಕನ್ನಡದಲ್ಲಿ ಬೇಕಲ್ಲ. ಇತ್ತು. ಆ ಗ್ರೀಕ್ ಮುದುಕನ ಕಡೆಯ ದಿನದ ಸಂವಾದವನ್ನು ನಾನು ಯೌವನದ ಹುಮ್ಮಸ್ಸಿನಲ್ಲಿ ಕನ್ನಡಿಸಿದ್ದೆ. ಪ್ರಕಾಶಕರು ಅದನ್ನು ಬಹಳ ಜೋಪಾನವಾಗಿ, ಒಂದು ಹಾಳೆಯೂ ಮುಕ್ಕಾಗದಂತೆ ಹಿಂದಿರುಗಿಸಿದ್ದರು. ಮನೆಯ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ರಟ್ಟು ಹಾಕಿಸಿ ಇಟ್ಟುಕೊಂಡಿದ್ದ ಆ ಪ್ರತಿಯನ್ನು ಹಲವು ಸ್ನೇಹಿತರು ಓದಲು ಒಯ್ದಿದ್ದರು. ಅಂಚನ್ನು ತಿರುಗಿಸಿ ನೋಡಿದೆ. ಮೊದಲ ಪುಟಗಳು ಕಪ್ಪು, ಅಲ್ಲಿಂದಾಚೆ ಪಂಚೆ. ನನ್ನ ಸ್ನೇಹಿತರೂ ನನ್ನ ಶಿಷ್ಯರಿಗಿಂತ ಹೆಚ್ಚೇನೂ ನಡೆದಿರಲಿಲ್ಲ.

ಮರುವಾರ ಹಾಲಿಗೆ ಹೋದರೆ, ಇಂದಿರಮ್ಮ ಶನಿವಾರದ ವ್ಯಾಸಪೀಠವನ್ನು ಮಡಿಚದೆ ಹಾಗೆಯೇ ಬಿಟ್ಟಿದ್ದರು. ಅದರ ಮೇಲೆ ರೇಷ್ಮೆಯ ವಸ್ತ್ರ, ಪಕ್ಕದಲ್ಲಿ ಊದುಬತ್ತಿ. ನನ್ನ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿ, ಮೊದಲ ಪುಟದ ಮೂಲೆಗೆ ಕುಂಕುಮವಿಟ್ಟು, ಒಂದು ಸೇವಂತಿಗೆ ಹೂ ಏರಿಸಿದರು. ಯಾವ ದೇವರನ್ನು ಕಂಡರೂ ‘ಹಾಗೆಂದರೇನು’ ಎಂದು ಕೇಳಿ, ಅದೇ ಅಪರಾಧಕ್ಕಾಗಿ ವಿಷ ಕುಡಿದವನಿಗೆ ಕುಂಕುಮ. ಗೋಡೆಯ ಪಕ್ಕ ಹೋಗಿ ಕೂತೆ. ವಿವರಿಸುವ ಹಾಗಿರಲಿಲ್ಲವಲ್ಲ.

ಪಾರಾಯಣಕ್ಕೆ ಅದರದೇ ಕಟ್ಟುಪಾಡುಗಳಿವೆ. ಅಧ್ಯಾಯದ ನಡುವೆ ಏಳಬಾರದು, ಮಾತನಾಡಬಾರದು. ಅರ್ಥವಾಗಲಿ ಬಿಡಲಿ ಒಂದಕ್ಷರ ಬಿಡಬಾರದು. ಒಬ್ಬರು ದಣಿದರೆ ಪಕ್ಕದವರು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಓದುವುದು ನಮ್ಮ ಹಳೆಯ ವಾಚನದ ರಾಗದಲ್ಲೇ. ಆ ಮುದುಕ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವುದೂ ಶಿಷ್ಯರು ‘ಹೌದು’, ‘ಹಾಗೆಯೇ ಸರಿ’, ‘ಅದು ನಿಜ’ ಎಂದು ತಲೆದೂಗುವುದೂ ಆ ಪುಸ್ತಕದಲ್ಲಿ ಹೆಜ್ಜೆಹೆಜ್ಜೆಗೂ ಉಂಟು. ಶಿಷ್ಯರ ಆ ಮಾತುಗಳನ್ನು ಭಜನೆಯ ಪಲ್ಲವಿಯ ಹಾಗೆ ಎಲ್ಲರೂ ಕೂಡಿ ಹೇಳುವುದೆಂದು ತಾನಾಗಿಯೇ ಗೊತ್ತಾಗಿಬಿಟ್ಟಿತು. ಒಬ್ಬರು ಪ್ರಶ್ನೆಯನ್ನು ರಾಗವಾಗಿ ಎತ್ತಿದರೆ ಹಾಲಿಗೆ ಹಾಲೇ ‘ಹೌದು’ ಎನ್ನುತ್ತಿತ್ತು. ಕೆಳಗೆ ಪಾರ್ಕಿನಲ್ಲಿ ವಾಕಿಂಗ್ ಮಾಡುವವರು ತಲೆಯೆತ್ತಿ ನೋಡುತ್ತಿದ್ದರು. ನಾನು ಗೋಡೆಗೆ ಒರಗಿ, ಇದು ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ವಿಧಿ ನನಗೆ ವಿಧಿಸಿದ ಬಡ್ಡಿ ಎಂದುಕೊಳ್ಳುತ್ತಿದ್ದೆ.

ಹೀಗೆ ಕೆಲವು ವಾರ ನಡೆದ ಮೇಲೆ ಒಂದು ಬೆಳಿಗ್ಗೆ ಗಂಗಣ್ಣನವರು ‘ಹೌದು’ ಎನ್ನಲಿಲ್ಲ. ನಿದ್ದೆಯಿಂದ ಎಚ್ಚರ, ಎಚ್ಚರದಿಂದ ನಿದ್ದೆ ಹುಟ್ಟುವಂತೆಯೇ ಬದುಕಿನಿಂದ ಸಾವು, ಸಾವಿನಿಂದ ಬದುಕು ಹುಟ್ಟಬೇಕಲ್ಲವೇ ಎಂಬರ್ಥದ ವಾದ ಬಂದಿತ್ತು. ಉಳಿದವರೆಲ್ಲ ಹೌದೆಂದರು. ಗಂಗಣ್ಣನವರು, “ಇಲ್ಲಿ ನಾನು ಹೌದು ಅನ್ನಲ್ಲ ಕಣಮ್ಮ. ಮಲಗಿದೋನು ಏಳೋದನ್ನ ದಿನಾ ನೋಡ್ತೀನಿ. ಸತ್ತೋನು ಎದ್ದು ಬಂದಿದ್ದನ್ನ ನಮ್ಮೂರಲ್ಲಿ ಯಾರೂ ನೋಡಿಲ್ಲ” ಎಂದುಬಿಟ್ಟರು. ಅಧ್ಯಾಯದ ನಡುವೆ ಮಾತನಾಡಿದ ಅಪಚಾರಕ್ಕೆ ಇಂದಿರಮ್ಮ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, ಬೆರಳನ್ನು ಸಾಲಿನ ಮೇಲಿಟ್ಟು ಮುಂದುವರಿಸಿದರು. ಅಧ್ಯಾಯ ಮುಗಿದ ಮೇಲೆ ಪಕ್ಕದ ದರ್ಶಿನಿಯಲ್ಲಿ, ನಿಂತುಕೊಂಡು ಕಾಫಿ ಕುಡಿಯುವ ಕಟ್ಟೆಯ ಬಳಿ, ಜಗಳ ಶುರುವಾಯಿತು. ಬೀಜ ಸತ್ತು ಪೈರಾಗುವುದಿಲ್ಲವೇ ಎಂದು ಒಬ್ಬರು. ಬೀಜ ಸತ್ತರೆ ಮೊಳೆಯುವುದೇ ಇಲ್ಲ, ಅದನ್ನು ನನಗೆ ಹೇಳಬೇಡಿ ಎಂದು ಗಂಗಣ್ಣನವರು. ನಾನು ಇನ್ನೊಂದು ಕಾಫಿ ಹೇಳಿದೆ. ಮುಂದಿನ ಪುಟಗಳಲ್ಲಿ ಶಿಷ್ಯರೇ ಗುರುವಿನೊಂದಿಗೆ ಅಸಮ್ಮತಿ ತೋರಿಸಿ ಆಕ್ಷೇಪಣೆಗಳನ್ನು ಎತ್ತುತ್ತಾರೆಂಬುದು ನನಗೆ ಗೊತ್ತಿತ್ತು. ಕಾಲೇಜಿನ ಅಷ್ಟು ವರ್ಷಗಳಲ್ಲಿ ಯಾರೊಬ್ಬರೂ ಆ ಪುಟಗಳನ್ನು ತಲುಪಿರಲಿಲ್ಲ, ಇವರು ದಾರಿಯಲ್ಲಿದ್ದರು.

ಎಲ್ಲರೂ ಚದುರಿದ ಮೇಲೆ ಇಂದಿರಮ್ಮ ಹೇಳಿದ ಒಂದು ಮಾತು ನನ್ನಲ್ಲಿ ಉಳಿದಿದೆ. “ನನಗೂ ಅಲ್ಲಿ ಹೌದು ಅನ್ನೋಕೆ ಆಗಲಿಲ್ಲ ಸಾರ್. ಬಾಯಲ್ಲಿ ಅಂದೆ. ನಮ್ಮ ಯಜಮಾನ್ರು ಹೋದ ಮೇಲೆ, ಹೌದು ಅನ್ನೋ ಹಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅನ್ಸುತ್ತೆ ಅಷ್ಟೆ.” ತರಗತಿಯಲ್ಲಿ ಈ ವಾದದ ದೌರ್ಬಲ್ಯಗಳನ್ನು ನಾನು ಕಪ್ಪುಹಲಗೆಯ ಮೇಲೆ ಬರೆದದ್ದುಂಟು, ಪರೀಕ್ಷೆಗೆ ಕೇಳಿದ್ದುಂಟು. ಈ ಆಸೆ ಅದರಲ್ಲಿ ಎಲ್ಲಿ ಬರುತ್ತದೆಂದು ನನಗೆ ಹೊಳೆದಿರಲಿಲ್ಲ. ಕಾಫಿ ಇನ್ನೂ ಬಿಸಿಯಿದೆ ಎಂದು ಲೋಟವನ್ನು ಕಟ್ಟೆಯ ಮೇಲಿಟ್ಟೆ.

ಇಷ್ಟರಿಂದ ನನ್ನ ದಣಿವು ಓಡಿಹೋಯಿತೆಂದು ನೀವು ಭಾವಿಸಿದರೆ ನನ್ನನ್ನು ನಿಮಗಿಂತ ಉತ್ತಮನೆಂದು ತಿಳಿದಂತಾಗುತ್ತದೆ. ಭಾನುವಾರ ಬೆಳಿಗ್ಗೆ ಅಲಾರಂ ಹೊಡೆದಾಗ ನಾನು ಮುಂಚಿನಂತೆಯೇ ಮುಖ ಸಿಂಡರಿಸುತ್ತಿದ್ದೆ. ಮಂಡಿ ನೋವು, ಮೆಟ್ಟಿಲು, ಊದುಬತ್ತಿಯ ಹೊಗೆಗೆ ಸೀನು. ಪುಸ್ತಕ ಮುಗಿದ ದಿನ ನಾನೂ ಮುಗಿಸುವುದೆಂದು ತೀರ್ಮಾನವಾಗಿತ್ತು, ಆ ದಿನವನ್ನು ನಾನು ಎದುರು ನೋಡುತ್ತಿದ್ದೆ. ಬಯಸಿದ್ದನ್ನು ಕಣ್ಣಾರೆ ನೋಡಿ ಮಲಗಬಹುದು ಎಂಬಷ್ಟೇ ನನ್ನ ಮಹತ್ವಾಕಾಂಕ್ಷೆ.

ಕಡೆಯ ಭಾನುವಾರ ಬಂತು. ಹಾಲಿನ ಬೀಗದ ಕೈಯನ್ನು ಒರೆಸಿ, ಗಂಗಣ್ಣನವರಿಗೆ ಕೊಡಲೆಂದು ಅಂಗಿಯ ಮೇಲಿನ ಜೇಬಿಗೆ ಹಾಕಿಕೊಂಡು ಹೋದೆ. ನಾಲ್ಕು ಕೃತಜ್ಞತೆಯ ಮಾತುಗಳನ್ನೂ ಸಿದ್ಧಪಡಿಸಿಕೊಂಡಿದ್ದೆ. ಅಂದು ಓದುವ ಸರದಿ ಇಂದಿರಮ್ಮನವರದು. ಮುದುಕ ಬಟ್ಟಲನ್ನು ಕೈಗೆ ತೆಗೆದುಕೊಂಡು ಕುಡಿದ. ಶಿಷ್ಯರು ಅತ್ತರು, ಅವನು ಅವರನ್ನು ಗದರಿದ. ಓಡಾಡಿದ, ಕಾಲು ಭಾರವಾದ ಮೇಲೆ ಮಲಗಿದ. ಮೈ ಪಾದದಿಂದ ಮೇಲಕ್ಕೆ ತಣ್ಣಗಾಗುತ್ತ ಬಂತು. ಇಂದಿರಮ್ಮನವರ ರಾಗ ಎಲ್ಲಿ ನಿಂತಿತೋ ನನಗೆ ತಿಳಿಯಲಿಲ್ಲ, ಕಡೆಯ ಪುಟವನ್ನು ಅವರು ಮನೆಯ ಮಾತಿನ ಧ್ವನಿಯಲ್ಲಿ, ಆಸ್ಪತ್ರೆಯಿಂದ ಬಂದು ಸುದ್ದಿ ಹೇಳುವವರಂತೆ, ಓದುತ್ತಿದ್ದರು. ಅವನಿಗೆ ನಾನು ಎಷ್ಟು ಸಲ ವಿಷ ಕುಡಿಸಿದ್ದೆನೋ. ಅವನು ಸತ್ತದ್ದು ಅಂದೇ. ಗಂಗಣ್ಣನವರು ಟವೆಲಿನಿಂದ ಮುಖ ಒರೆಸಿಕೊಂಡರು, ನನ್ನ ಕನ್ನಡಕವೂ ಮಸುಕಾಗಿತ್ತು.

ನಾನು ಎದ್ದು ಜೇಬಿಗೆ ಕೈ ಹಾಕಿದೆ. ಯಾರೂ ಏಳಲಿಲ್ಲ. ಇಂದಿರಮ್ಮ ಹಾಳೆಗಳನ್ನು ಒಟ್ಟಿಗೆ ಹಿಂದಕ್ಕೆ ಮಗುಚಿ, ವ್ಯಾಸಪೀಠವನ್ನು ನನ್ನ ಕಡೆಗೆ ತಿರುಗಿಸಿದರು.

“ಕೂತ್ಕೊಳ್ಳಿ ಸಾರ್. ಸಾವಿನಲ್ಲಿ ನಿಲ್ಸಿ ಮನೆಗೆ ಹೋಗೋ ಹಾಗಿಲ್ಲ. ಮುಗಿದ ಮೇಲೆ ಮೊದಲನೇ ಅಧ್ಯಾಯ ಸ್ವಲ್ಪ ಓದಿನೇ ಮಂಗಳ. ಇದು ಪಾರಾಯಣ ಮಾಡಿಸೋ ಯಜಮಾನರು ಓದ್ಬೇಕಾದ್ದು.”

ಪಾರಾಯಣದ ಈ ನಿಯಮವನ್ನು ನಾನು ನನ್ನ ಅಜ್ಜಿಯ ಕಾಲದಿಂದ ಬಲ್ಲೆ, ಮರೆತಿದ್ದೆ. ಕಾಲು ಮಡಿಸಿ ಕೂತೆ, ಮಂಡಿ ಪ್ರತಿಭಟಿಸಿತು. ಕುಂಕುಮದ ಮೂಲೆಯ ಆ ಮೊದಲ ಪುಟದಲ್ಲಿ ಹೆಚ್ಚೇನೂ ಇಲ್ಲ. ಎಲ್ಲ ಮುಗಿದುಹೋದ ಮೇಲೆ ಬೇರೊಂದು ಊರಿನಲ್ಲಿ ಇಬ್ಬರು ಪರಿಚಿತರು ಎದುರಾಗುತ್ತಾರೆ. ಅವನು ತೀರಿಕೊಂಡ ದಿನ ನೀನೇ ಖುದ್ದಾಗಿ ಅಲ್ಲಿದ್ದೆಯಾ, ಬೇರೆಯವರಿಂದ ಕೇಳಿದೆಯಾ ಎಂದು ಒಬ್ಬ ಇನ್ನೊಬ್ಬನನ್ನು ವಿಚಾರಿಸುತ್ತಾನೆ. ತರಗತಿಯಲ್ಲಿ ಈ ಪುಟವನ್ನು ನಾನು ಮುಖ್ಯವಲ್ಲವೆಂದು ದಾಟಿಸುತ್ತಿದ್ದೆ. ಅಂದು ಆ ಪ್ರಶ್ನೆಯನ್ನು ಓದಿ, ಉಸಿರಿಗೆಂದು ನಿಂತೆ. ಅಷ್ಟು ವಾರಗಳ ಅಭ್ಯಾಸ, ಉತ್ತರ ಹೇಳುವ ಸರದಿ ಅವರದು.

“ಹೌದು” ಎಂದರು ಎಲ್ಲರೂ. ಎಲ್ಲರಿಗಿಂತ ದೊಡ್ಡ ದನಿ ಗಂಗಣ್ಣನವರದು.

ಮಂಗಳವಾಯಿತು. ಒಣದ್ರಾಕ್ಷಿ, ಕಲ್ಲುಸಕ್ಕರೆ ಹಂಚಿದರು. ಮುಂದಿನ ವಾರ ಈಗ ನಿಲ್ಲಿಸಿದಲ್ಲಿಂದಲೇ ತಾನೇ ಎಂದು ಯಾರೋ ಕೇಳಿದ್ದಕ್ಕೆ ಇನ್ಯಾರೋ ಮತ್ತೆಲ್ಲಿಂದ ಎಂದರು, ನನ್ನನ್ನು ಯಾರೂ ಕೇಳಲಿಲ್ಲ. ಬೀಗದ ಕೈ ಜೇಬಿನಲ್ಲಿಯೇ ಇತ್ತು. ಅದರಿಂದಲೇ ಬಾಗಿಲಿಗೆ ಬೀಗ ಹಾಕಿ, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದೆ.

ಮನೆಗೆ ಬಂದು ಕಿಟಕಿಯ ಬಳಿ ಕೂತು ಅಂಚನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಕೊನೆಯ ಹಾಳೆಯವರೆಗೂ ಕೊಳೆ ನಡೆದುಹೋಗಿತ್ತು. ಅದನ್ನು ನೋಡಬೇಕೆಂದು ಒಂದು ಆಯುಷ್ಯ ಕಾದಿದ್ದೆ, ನೋಡಿದೆ, ಸಂತೋಷವಾಯಿತು. ಆದರೆ ಮೊದಲ ಪುಟಗಳು ಇನ್ನಷ್ಟು ಕಪ್ಪಾಗಿದ್ದವು. ಕಪಾಟಿನ ತುಂಬ ನಿಂತಿರುವ ಉಳಿದ ಪುಸ್ತಕಗಳ ಕಪ್ಪು ಮೊದಲ ಪುಟಗಳನ್ನೂ ಒಮ್ಮೆ ನೋಡಿದೆ. ಬಿಟ್ಟುಹೋದವರ ಗುರುತೆಂದು ನಾನು ಎಣಿಸಿದ್ದ ಆ ಕೊಳೆಯಲ್ಲಿ ಹಿಂದಿರುಗಿ ಬಂದವರದ್ದು ಎಷ್ಟಿದೆಯೋ ಹೇಳುವುದು ಹೇಗೆ? ವನಜ ಅಡುಗೆಮನೆಯಿಂದ, ಮುಗೀತೇನ್ರೀ ಎಂದು ಕೇಳಿದಳು. ಆಯಾಸವಾಗಿತ್ತು, ಭಾನುವಾರ ಅಲಾರಂ ಇರಲಿ, ತೆಗೆಯಬೇಡ ಎಂದೆ.